ಪೈಪು ಬಾಯಲ್ಲಿದ್ದಾಗ ಹೂಂ ಅನ್ನಬಾರದು

“ಇನ್ನು ಹದಿನೈದೇ ದಿನ! ಆ ಹಿತ್ತಾಳೆ ಪೈಪು ಈ ಮನೆಗೆ ಬರದೇ ಹೋದರೆ ನನ್ನ ಮೀಸೆ ಬೋಳಿಸಿ!”

ಊಟದ ಮೇಜಿನ ಮುಂದೆ ಎದ್ದು ನಿಂತು, ಎದೆಯುಬ್ಬಿಸಿ, ನಾನು ಈ ಭೀಷಣ ಪ್ರತಿಜ್ಞೆ ಮಾಡಿದಾಗ ನನ್ನ ಹೆಂಡತಿ ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

“ನಿಮಗೆ ಮೀಸೆ ಎಲ್ಲಿದೆ? ಹೋದ ವರ್ಷ ಪೈಪು ಹಚ್ಚೋಕೆ ಹೋಗಿ ಸುಟ್ಕೊಂಡ್ರಲ್ಲ.”

“ಬೆಳೆಸಿ ಬೋಳಿಸ್ತೀನಿ!”

“ಮೀಸೆ ಬೇಡ. ಕೋಣೆ ಕೊಡಿ.”

ವಿಷಯ ಇದ್ದದ್ದೇ ಅಲ್ಲಿ. ನಮ್ಮ ಮನೆಯ ಹಿಂಭಾಗದಲ್ಲಿ ಆರಡಿ ಅಗಲ, ಎಂಟಡಿ ಉದ್ದದ ಒಂದು ಕೋಣೆಯಿದೆ. ಒಂದು ಕಿಟಕಿ, ತೋಳು ಸವೆದ ಒಂದು ಆರಾಮ ಕುರ್ಚಿ, ಗೋಡೆಗೆ ಹೊಡೆದ ಹಲಗೆಯಲ್ಲಿ ಸಾಲಾಗಿ ಹನ್ನೊಂದು ಪೈಪು. ಇಪ್ಪತ್ತೆರಡು ವರ್ಷದಿಂದ ಅದು ನನ್ನ ಸಾಮ್ರಾಜ್ಯ. ನನ್ನ ಹೆಂಡತಿ ಮನೆಮನೆಗೆ ಕಿಟಕಿ ಪರದೆ ಹೊಲಿದು ಕೊಡುವವಳು. ಅವಳ ಸಾಮ್ರಾಜ್ಯ ನಡುಮನೆ. ಅಲ್ಲಿ ಸೋಫಾದ ಮೇಲೆ ಬಟ್ಟೆ, ಟೀವಿಯ ಮೇಲೆ ಬಟ್ಟೆ, ಒಮ್ಮೆ ನಾನು ಸ್ವಲ್ಪ ಹೊತ್ತು ಅಲುಗಾಡದೆ ಕೂತಿದ್ದಕ್ಕೆ ನನ್ನ ಮೇಲೂ ಬಟ್ಟೆ! ಸಾಲದ್ದಕ್ಕೆ ಹೋದ ತಿಂಗಳು ಗಿರಾಕಿಯೊಬ್ಬಳು ಎಂಟು ಪರದೆಗಳನ್ನು ವಾಪಸು ತಂದು ಹಾಕಿದ್ದಳು. “ಪರದೆ ಎಳೆದ್ರೆ ಹಿಂದುಗಡೆ ಯಾರೋ ಮುದುಕರು ಕೂತಿರೋ ಹಾಗೆ ವಾಸನೆ ಬರುತ್ತೆ” ಎಂದಳಂತೆ. ಆ ಮುದುಕರು ಯಾರೆಂದು ನಾನು ವಿಚಾರಿಸಲಿಲ್ಲ.

ಅಂದಿನಿಂದ ಹೆಂಡತಿಯ ಕಣ್ಣು ನನ್ನ ಕೋಣೆಯ ಮೇಲೆ. ಮಾತಿಗೆ ಮಾತು ಬೆಳೆದು ಒಪ್ಪಂದವಾಯಿತು. ಪೈಪುಪ್ರಿಯರ ಕೂಟದ ವಾರ್ಷಿಕ ಸ್ಪರ್ಧೆಯಲ್ಲಿ ನಾನು ಗೆದ್ದರೆ ಕೋಣೆ ಜೀವಮಾನವಿಡೀ ನನ್ನದು. ಸೋತರೆ ಅಲ್ಲಿಗೆ ಹೊಲಿಗೆ ಯಂತ್ರದ ಗೃಹಪ್ರವೇಶ!

ಪೈಪು ಸೇದುವುದರಲ್ಲಿ ಎಂಥ ಸ್ಪರ್ಧೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ, ನನ್ನ ಹೆಂಡತಿಯೂ ಕೇಳಿದಳು. ಎಲ್ಲರಿಗೂ ಮೂರೇ ಗ್ರಾಂ ತಂಬಾಕು, ಎರಡೇ ಬೆಂಕಿಕಡ್ಡಿ. ಹಚ್ಚಿಕೊಳ್ಳಲು ಒಂದೇ ನಿಮಿಷ. ಆಮೇಲೆ ಬೆಂಕಿ ಮುಟ್ಟುವಂತಿಲ್ಲ. ಯಾರ ಪೈಪು ಎಲ್ಲರಿಗಿಂತ ಹೆಚ್ಚು ಹೊತ್ತು ಆರದೆ ಉಳಿಯುತ್ತದೋ ಅವರು ಗೆದ್ದಂತೆ. ಬಹುಮಾನ ಆ ಹಿತ್ತಾಳೆ ಪೈಪು. ಜಗತ್ತಿನ ಉಳಿದೆಲ್ಲ ಪಂದ್ಯಗಳಲ್ಲೂ ಬೇಗ ಮುಗಿಸಿದವನು ಶೂರ. ಇದೊಂದರಲ್ಲಿ ಮಾತ್ರ ಸೋಮಾರಿಗೆ ಕಿರೀಟ! ನನಗೆಂದೇ ಯಾರೋ ಕೂತು ಹೊಸೆದ ಪಂದ್ಯವಿದು.

ಏಕೆಂದರೆ ಪೈಪು ಸೇದುವವನ ಸುಖವೆಲ್ಲ ಸೇದುವುದರಲ್ಲಿಲ್ಲ, ಸೇದುವುದಕ್ಕೆ ಮುಂಚಿನ ತಯಾರಿಯಲ್ಲಿದೆ. ಡಬ್ಬಿಯ ಮುಚ್ಚಳ ತೆಗೆದಾಗ ಬರುವ ಆ ಒಣದ್ರಾಕ್ಷಿಯಂಥ ವಾಸನೆ! ಇವತ್ತು ಯಾವ ಪೈಪಿನ ಸರದಿ ಎಂಬ ಆ ಘನ ಚಿಂತನೆ! ನಿನ್ನೆ ದುಡಿದ ಪೈಪು ಇವತ್ತು ರಜೆಯಲ್ಲಿರಬೇಕು, ಇಲ್ಲದಿದ್ದರೆ ಒದ್ದೆಯಾಗಿ ಗೊರಗೊರ ಎನ್ನುತ್ತದೆ. (ನನಗೆ ಕಚೇರಿಯಲ್ಲಿ ಸಿಗದ ಸವಲತ್ತು ನನ್ನ ಪೈಪುಗಳಿಗಿದೆ.) ಆಮೇಲೆ ಚಿಟಿಕೆ ಚಿಟಿಕೆಯಾಗಿ ತುಂಬುವುದು, ಒತ್ತುವುದು, ಹಚ್ಚುವುದು, ಆರುವುದು, ಮತ್ತೆ ಒತ್ತುವುದು, ಮತ್ತೆ ಹಚ್ಚುವುದು. ಒಂದು ಗಂಟೆಯಲ್ಲಿ ಬಾಯಿಗೆ ಹೊಗೆ ಬಂದದ್ದು ಐದು ನಿಮಿಷವಾದರೆ ಅದೇ ಭಾಗ್ಯ. ಹೆಂಡತಿ ಇದಕ್ಕೆ “ಆಟದ ಅಡುಗೆ” ಎಂದು ಹೆಸರಿಟ್ಟಿದ್ದಾಳೆ.

ತರಬೇತಿಗೆ ನಾನು ಕೂಟದ ಅಧ್ಯಕ್ಷರ ಬಳಿಗೆ ಹೋದೆ. ಗಡಿಯಾರ ರಿಪೇರಿ ಅವರ ಕಸುಬು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾರೆ. ಎದುರಿಗಿದ್ದವನ ಹಲ್ಲುಚಕ್ರಗಳೆಲ್ಲ ಅವರಿಗೆ ಕಾಣುತ್ತವೇನೋ!

“ಗುಟ್ಟು ಒಂದೇ” ಎಂದರು. “ಬಾಯಿ ತೆಗೀಬಾರದು. ತೆಗೆದ್ರೆ ಬೆಂಕಿ ಸತ್ತಿತು ಅಂತಲೇ ಲೆಕ್ಕ.”

“ಯಾರಾದ್ರೂ ಏನಾದ್ರೂ ಕೇಳಿದ್ರೆ?”

“ಹೂಂ ಅನ್ನಿ. ಹೂಂ ಮೂಗಲ್ಲೇ ಹುಟ್ಟಿ ಮೂಗಲ್ಲೇ ಸಾಯುತ್ತೆ. ತೊಂದರೆ ಇಲ್ಲ.”

“ಬೇಡ ಅನ್ನಬೇಕಾದ್ರೆ?”

ಅಧ್ಯಕ್ಷರು ಭೂತಗನ್ನಡಿ ತೆಗೆದರು. ಕಣ್ಣಲ್ಲಿ ಹಳೆಯ ನೋವಿತ್ತು. “ಊಹೂಂ ಮಾತ್ರ ಅನ್ನಬೇಡಿ. ಊಹೂಂ ಹೊಟ್ಟೆಯಿಂದ ಬರುತ್ತೆ. ಉಸಿರು ಕೊಳವೆಯೊಳಗೆ ನುಗ್ಗಿ ಬೂದಿ, ಕೆಂಡ ಎಲ್ಲ ಹಾರಿಹೋಗುತ್ತೆ. ತಲೆ ಅಲ್ಲಾಡಿಸಿದ್ರೂ ಅದೇ ಗತಿ. ನಾನು ಒಂದು ವರ್ಷ ಹಾಗೇ ಸೋತೆ. ಯಾರೋ ಕಾಫಿ ಬೇಕಾ ಅಂದ್ರು.”

ಅಂದರೆ ಪೈಪು ಬಾಯಲ್ಲಿಟ್ಟವನು ಒಪ್ಪಬಹುದು, ನಿರಾಕರಿಸುವಂತಿಲ್ಲ! ಈ ಮಹಾಸತ್ಯದ ಆಳ ಆಗ ನನಗೆ ಗೊತ್ತಾಗಲಿಲ್ಲ.

ಮರುದಿನದಿಂದ ಸಾಧನೆ ಆರಂಭ. ಕಾಲೇಜಿಗೆ ಹೋಗುವ ನನ್ನ ಮಗಳು ಮೊಬೈಲಿನಲ್ಲಿ ಸಮಯ ಹಿಡಿದು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಮೊದಲ ದಿನ ಹನ್ನೊಂದು ನಿಮಿಷ. ಎರಡನೆಯ ದಿನ ಹತ್ತೊಂಬತ್ತು. ಮೂರನೆಯ ದಿನ ಮೂವತ್ತೆರಡನೆಯ ನಿಮಿಷದಲ್ಲಿ, ಕೆಂಡ ಸಣ್ಣ ಮಗುವಿನಂತೆ ಉಸಿರಾಡುತ್ತಿರುವಾಗ, ನಮ್ಮ ಕಟ್ಟಡದ ಮೂರನೆಯ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ತರರು ಬಾಗಿಲಲ್ಲಿ ಪ್ರತ್ಯಕ್ಷರಾದರು.

“ನಿವಾಸಿಗಳ ಸಂಘಕ್ಕೆ ಈ ವರ್ಷ ಕಾರ್ಯದರ್ಶಿ ಯಾರೂ ಸಿಗ್ತಿಲ್ಲ ಸಾರ್. ನೀವು ಆಗ್ತೀರಾ?”

ನಲವತ್ತು ಮನೆಗಳ ನಲ್ಲಿ, ಚರಂಡಿ, ಜಗಳಗಳನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವ ಕೆಲಸವದು. ಹಿಂದಿನ ಕಾರ್ಯದರ್ಶಿ ಮನೆಯನ್ನೇ ಬದಲಾಯಿಸಿ ತಪ್ಪಿಸಿಕೊಂಡಿದ್ದ. ನಾನು ಕೈ ಬೀಸಿ ಬೇಡ ಎನ್ನಬಹುದಿತ್ತು. ಆದರೆ ಒಂದು ಕೈಯಲ್ಲಿ ಪೈಪಿನ ಬಟ್ಟಲು, ಇನ್ನೊಂದರಲ್ಲಿ ತಂಬಾಕು ಒತ್ತುವ ಕಡ್ಡಿ! ಮೂವತ್ತೆರಡು ನಿಮಿಷದ ತಪಸ್ಸು ಹಾಳಾಗಬೇಕೆ? ಆಮೇಲೆ ನೋಡಿಕೊಂಡರಾಯಿತೆಂದು ಹೇಳಿದೆ:

“ಹೂಂ.”

ಅವರು ನನ್ನ ಕಾಲಿಗೆ ಬೀಳುವುದೊಂದು ಬಾಕಿ. ಅರ್ಧ ಗಂಟೆಯಲ್ಲಿ ನೋಟಿಸ್ ಬೋರ್ಡಿನಲ್ಲಿ ನನ್ನ ಮನೆ ನಂಬರು ಬಿತ್ತು. ಒಂದು ಗಂಟೆಯಲ್ಲಿ ಮೊದಲ ದೂರು ಬಂತು.

ಐದನೆಯ ದಿನ ನಲವತ್ತನೆಯ ನಿಮಿಷದಲ್ಲಿ ಹೆಂಡತಿ ಬಂದು ನಿಂತಳು. “ರೀ, ನಮ್ಮ ತಮ್ಮನ ಮನೇಲಿ ಬಣ್ಣ ಬಳೀತಿದಾರಂತೆ. ಮುಗಿಯೋ ತನಕ ಇಲ್ಲೇ ಇರ್ಲಾ ಅಂತ ಕೇಳ್ತಿದಾನೆ.”

ಭಾವಮೈದುನ ಒಳ್ಳೆಯವನೇ. ಆದರೆ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಒಂದು ಸಲ, ಹಲ್ಲುಜ್ಜಿದ ಮೇಲೆ ಎರಡು ಸಲ ಊದುತ್ತಾನೆ. ಅವನದು ಊದುವ ಕಸುಬು, ನನ್ನದು ಊದದೆ ಇರುವ ಸಾಧನೆ. ಎರಡೂ ಒಂದೇ ಸೂರಿನಡಿ ನಡೆಯುವುದುಂಟೆ? ನಾನು ಕಣ್ಣಲ್ಲೇ ‘ಬೇಡ, ಬೇಡ’ ಎಂದು ಅಂಗಲಾಚಿದೆ.

“ಕಣ್ಣಿಗೆ ಹೊಗೆ ಹೋಯ್ತಾ? ಸರಿ, ಅವನಿಗೆ ಬಾ ಅನ್ಲಾ?”

“...ಹೂಂ.”

ಮಾರನೆಯ ಬೆಳಿಗ್ಗೆ ತುತ್ತೂರಿಯ ಮೊದಲ ಸ್ವರಕ್ಕೆ ನಾನು ಹಾಸಿಗೆಯಿಂದ ನೇರ ನೆಲಕ್ಕೆ ಇಳಿದೆ.

ಇಷ್ಟು ಹೊತ್ತಿಗೆ ಮನೆಯವರಿಗೆಲ್ಲ ಸೂತ್ರ ಅರ್ಥವಾಗಿಬಿಟ್ಟಿತ್ತು! ಅಪ್ಪನಿಂದ ಏನಾದರೂ ಆಗಬೇಕೇ? ಪೈಪು ಹೊತ್ತಿ ಅರ್ಧ ಗಂಟೆ ಕಾಯಿರಿ. ಮಗಳು ನನ್ನ ಸ್ಕೂಟರನ್ನು ‘ಇನ್ಮೇಲೆ ದಿನಾ’ ತನ್ನದು ಮಾಡಿಕೊಂಡಳು. ನಾನು ಬಸ್ಸಿಗೆ ಬಿದ್ದೆ. ಕಚೇರಿಯಲ್ಲಿ ಖಾಲಿ ಪೈಪು ಕಚ್ಚಿಕೊಂಡು ಬಾಯಿ ಮುಚ್ಚುವ ಅಭ್ಯಾಸ ಮಾಡುತ್ತಿದ್ದಾಗ ಸಾಹೇಬರು ಬಂದು ಏನೋ ಕೇಳಿದರು, ಅಭ್ಯಾಸಬಲದಿಂದ ಹೂಂ ಎಂದೆ. ನಾನು ಲಿಫ್ಟುಗಳ ತಪಾಸಣೆ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಸಂಜೆಗೆ ಹೊರಟಲ್ಲಿಗೇ ಬಂದು ನಿಲ್ಲುವ ಉದ್ಯೋಗ. ನಾನು ಹೂಂ ಎಂದದ್ದು ಏನಕ್ಕೆಂದರೆ, ಹದಿನೆಂಟು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ಕೆಟ್ಟಿದೆ, ಮೆಟ್ಟಿಲು ಹತ್ತಿ ಹೋಗಿ ನೋಡುತ್ತೀರಾ ಎಂಬ ಪ್ರಶ್ನೆಗೆ!

ಹದಿನೆಂಟನೆಯ ಮಹಡಿಯಲ್ಲಿ, ಮೊಣಕಾಲು ಹಿಡಿದು ಕೂತು, ನಾನು ಎರಡನೆಯ ಪ್ರತಿಜ್ಞೆ ಮಾಡಿದೆ. ಇನ್ನು ಯಾರು ಏನೇ ಕೇಳಲಿ, ಮೊದಲು ಊಹೂಂ! ಏನು ಕೇಳಿದರು ಎಂಬುದು ಆಮೇಲೆ!

ಆ ಸಂಜೆ ಹೆಂಡತಿಗೂ ಸ್ಪಷ್ಟವಾಗಿ ಹೇಳಿದೆ. “ಇವತ್ತಿಂದ ಈ ಮನೇಲಿ ನನ್ನ ಹೂಂ ಬಂದ್!”

“ಆಯ್ತು. ಟೀ ಕುಡೀತೀರಾ?”

“ಊಹೂಂ!” ಎಂದೆ, ಮಾತಿಗೆ ತಪ್ಪಬಾರದೆಂದು. ತಲೆನೋವು ಬಂತು. ಆದರೂ ಮಲಗುವವರೆಗೆ ಟೀ ಕುಡಿಯಲಿಲ್ಲ.

ಸ್ಪರ್ಧೆಯ ಭಾನುವಾರ ಬಂದೇ ಬಂತು. ಗಡಿಯಾರದಂಗಡಿಯ ಮೇಲಿನ ಹಜಾರದಲ್ಲಿ ಉದ್ದನೆಯ ಮೇಜು. ಹನ್ನೆರಡು ಜನ ಸ್ಪರ್ಧಿಗಳು. ಗೋಡೆಯ ತುಂಬ ರಿಪೇರಿಗೆ ಬಂದ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಇವುಗಳನ್ನು ನಂಬಿ ತೀರ್ಪು ಕೊಡುವುದು ಹೇಗೆ? ಅಧ್ಯಕ್ಷರು ಸುತ್ತ ನೋಡಿ, ನೋಟ್‌ಬುಕ್ಕು, ಮೊಬೈಲು ಹಿಡಿದು ಸಿದ್ಧವಾಗಿ ನಿಂತಿದ್ದ ನನ್ನ ಮಗಳನ್ನೇ ಸಮಯಪಾಲಕಿಯಾಗಿ ನೇಮಿಸಿಬಿಟ್ಟರು. ತೀರ್ಪು ಹೇಳುವವಳು ಮನೆಮಗಳು! ಗೆಲುವು ನನ್ನ ಜೇಬಿಗೇ ಬಿತ್ತೆಂದುಕೊಂಡೆ.

ಮೂರು ಗ್ರಾಂ ತೂಗಿ ಕೊಟ್ಟರು. ನನ್ನ ಹನ್ನೊಂದರಲ್ಲಿ ಅತಿ ಹಿರಿಯ ಪೈಪನ್ನು ತಂದಿದ್ದೆ. ‘ಮುತ್ತಜ್ಜ’ ಎಂದು ಅದರ ಹೆಸರು. ಒಳಗೋಡೆಗೆ ಇಪ್ಪತ್ತೆರಡು ವರ್ಷದ ಕರಿ ಪದರ ಕಟ್ಟಿದೆ. ಮೊದಲ ಕಡ್ಡಿಗೆ ಮೇಲ್ಭಾಗ ಸುಟ್ಟು, ಮೆಲ್ಲಗೆ ಒತ್ತಿ, ಎರಡನೆಯ ಕಡ್ಡಿಗೆ ಸುತ್ತಲೂ ಹಚ್ಚಿದೆ. ಗಂಟೆ ಬಾರಿಸಿದರು. ಹಜಾರ ನಿಶ್ಶಬ್ದ!

ಇಪ್ಪತ್ತು ನಿಮಿಷಕ್ಕೆ ಐದು ಜನ ಆರಿದರು. ಐವತ್ತಕ್ಕೆ ಇನ್ನೂ ಮೂವರು. ಒಬ್ಬರು ಸೀನಿ ಹೋದರು. ಒಬ್ಬರು ನಿದ್ದೆ ಮಾಡಿ ಹೋದರು. ಒಂದು ಗಂಟೆ ಹತ್ತು ನಿಮಿಷಕ್ಕೆ ಉಳಿದವರು ಇಬ್ಬರೇ, ನಾನು ಮತ್ತು ನನ್ನೆದುರು ಕೂತ ಹಲ್ಲಿನ ಡಾಕ್ಟರು. ಮೂರು ವರ್ಷದಿಂದ ಹಿತ್ತಾಳೆ ಪೈಪು ಅವರ ಮನೆಯಲ್ಲೇ ಇದೆ. ಊರಿನವರ ಬಾಯನ್ನೆಲ್ಲ ತೆರೆಸುವ ಮನುಷ್ಯ ತನ್ನ ಬಾಯನ್ನು ಹೇಗೆ ಮುಚ್ಚಿಕೊಂಡಿದ್ದನೆಂದರೆ, ತುಟಿಗೆ ಹೊಲಿಗೆ ಹಾಕಿಸಿಕೊಂಡಿದ್ದಾನೇನೋ ಎಂದು ನನಗೆ ಅನುಮಾನ ಬಂತು. ಅವರ ಬೋಳುತಲೆಯ ಮೇಲೆ ಕಿಟಕಿಯ ಬಿಸಿಲು ಹೊಳೆಯುತ್ತಿತ್ತು. ನನ್ನ ಬಟ್ಟಲಿನ ತಳದಲ್ಲಿ ಸಾಸಿವೆಯಷ್ಟು ಕೆಂಡ. ಅದಕ್ಕೂ ನನಗೂ ಬಿಟ್ಟರೆ ಲೋಕದಲ್ಲಿ ಬೇರಾರೂ ಇಲ್ಲ. ನಾನು ಎಳೆಯುತ್ತಿರಲಿಲ್ಲ, ಬರೀ ನೆನೆಯುತ್ತಿದ್ದೆ. ಕಣ್ಣಲ್ಲಿ ನೀರು. ಮುತ್ತಜ್ಜ, ಇನ್ನು ಐದು ನಿಮಿಷ, ನಮ್ಮ ಕೋಣೆ, ನಮ್ಮ ಕುರ್ಚಿ, ನಮ್ಮ ಕಿಟಕಿ!

ಆಗ ಬೆನ್ನ ಹಿಂದೆ ಪರಿಚಿತ ಬಳೆಯ ಸದ್ದಾಯಿತು. ಹೆಂಡತಿ! ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿತ್ತು. ಜೊತೆಗೆ ಅವಳ ತಮ್ಮನೂ ಇದ್ದ. ಅವಳು ನನ್ನ ಕಿವಿಯ ಬಳಿ ಬಗ್ಗಿ ಏನೋ ಹೇಳತೊಡಗಿದಳು. ನನಗೆ ಮಾತು ನೀರಿನಡಿಯಿಂದ ಬಂದ ಹಾಗೆ ಕೇಳಿಸಿತು.

“...ಆ ಕೋಣೆ... ...ಆಗಬಹುದಾ?”

ಆಹಾ! ಎಂಥ ಗಳಿಗೆ ಆರಿಸಿಕೊಂಡಿದ್ದಾಳೆ! ನನ್ನ ಬಾಯಿ ಕಟ್ಟಿದೆ ಎಂದು ನೋಡಿ, ಗೆಲ್ಲುವ ಐದು ನಿಮಿಷ ಮೊದಲು, ಇಡೀ ಕೂಟದ ಎದುರಿಗೇ ಕೋಣೆ ಬರೆಸಿಕೊಳ್ಳಲು ಬಂದಿದ್ದಾಳೆ! ಕಾರ್ಯದರ್ಶಿಗಿರಿ, ತುತ್ತೂರಿ, ಸ್ಕೂಟರು, ಹದಿನೆಂಟು ಮಹಡಿ, ಎಲ್ಲ ಒಟ್ಟಿಗೆ ನೆನಪಾಗಿ ನನ್ನ ಹೊಟ್ಟೆಯೊಳಗಿಂದ ಒಂದು ಗರ್ಜನೆ ಎದ್ದಿತು. ಅಧ್ಯಕ್ಷರ ಬುದ್ಧಿಮಾತು ನೆನಪಾಗುವಷ್ಟರಲ್ಲಿ ಅದು ಗಂಟಲು ದಾಟಿಯಾಗಿತ್ತು.

“ಊ...ಹೂಂ!”

ಮುತ್ತಜ್ಜ ಸಿಡಿದ! ಇಪ್ಪತ್ತೆರಡು ವರ್ಷದಲ್ಲಿ ಅಂಥ ಉಸಿರನ್ನು ಅವನು ಕಂಡಿರಲಿಲ್ಲ. ಬೂದಿ ಕಾರಂಜಿಯಂತೆ ಮೇಲೆದ್ದು, ಮೇಜು ದಾಟಿ, ಆ ಸಾಸಿವೆಯಷ್ಟು ಕೆಂಡದ ಸಮೇತ ಹೋಗಿ ಡಾಕ್ಟರ ಬೋಳುತಲೆಯ ಮೇಲೆ ಇಳಿಯಿತು.

“ಅಯ್ಯಯ್ಯೋ!” ಎಂದು ಡಾಕ್ಟರು ಬಾಯಿ ತೆರೆದರು. ಅವರ ಪೈಪು ಬಾಯಿಂದ ಜಾರಿ ನೀರಿನ ಲೋಟದೊಳಗೆ ಬಿತ್ತು. ಚುಂಯ್!

ಇಬ್ಬರೂ ಆರಿದ್ದೆವು. ಹಜಾರದಲ್ಲಿ ಗದ್ದಲವೋ ಗದ್ದಲ. ಮೊದಲು ಆರಿದ್ದು ಯಾರು? ಕಡೆಗೆ ಎಲ್ಲರ ಕಣ್ಣೂ ನನ್ನ ಮಗಳ ಕಡೆ ತಿರುಗಿತು. ನಾನಂತೂ ಹೆತ್ತ ಕರುಳಿನ ನೋಟ ಬೀರಿದೆ. ಅವಳು ನೋಟ್‌ಬುಕ್ಕು ತೆರೆದು ಓದಿದಳು.

“ಒಂದು ಗಂಟೆ ಇಪ್ಪತ್ತೊಂದು ನಿಮಿಷ ಆರು ಸೆಕೆಂಡ್, ಅಪ್ಪ ಆರಿದ್ರು. ಎಂಟು ಸೆಕೆಂಡ್, ಡಾಕ್ಟರ್ ಆರಿದ್ರು.”

ಎರಡೇ ಸೆಕೆಂಡು! ಡಾಕ್ಟರು ತಲೆಗೆ ಒದ್ದೆ ಬಟ್ಟೆ ಒತ್ತಿಕೊಂಡೇ ನಾಲ್ಕನೆಯ ಸಲ ಹಿತ್ತಾಳೆ ಪೈಪು ಎತ್ತಿಕೊಂಡರು. ಕ್ಷಮೆ ಕೇಳಲು ಹೋದರೆ, “ಪರವಾಗಿಲ್ಲ, ನಿಮ್ಮ ಹಿಂದಿನ ದವಡೆ ಹಲ್ಲು ಹುಳುಕಾಗಿದೆ, ಈಗ ಕಾಣಿಸ್ತು, ಬಂದು ತೋರಿಸಿ” ಎಂದರು. ನಾನು ಮಗಳನ್ನು ಮೂಲೆಗೆ ಕರೆದೆ.

“ಅಪ್ಪ ಅಂತ ಒಂದೆರಡು ಸೆಕೆಂಡು ಆಚೀಚೆ ಮಾಡಬಾರದಿತ್ತಾ?”

“ಲಿಫ್ಟು ಒಂದಿಂಚು ಆಚೀಚೆ ನಿಂತ್ರೆ ನೀವು ಬೀಗ ಹಾಕಿಸ್ತೀರಲ್ಲಪ್ಪ!”

ಅಷ್ಟರಲ್ಲಿ ಭಾವಮೈದುನ ಬಂದು ಬೆನ್ನು ತಟ್ಟಿದ. “ಭಾವ, ಎಂಥ ಊದು ಊದಿದ್ರಿ! ಇಷ್ಟು ಉಸಿರಿಟ್ಕೊಂಡು ಸುಮ್ನೆ ಕೂತಿದೀರಲ್ಲ, ನಮ್ಮ ಬ್ಯಾಂಡಿಗೆ ಬಂದ್ಬಿಡಿ!”

ಕೋಪವನ್ನೆಲ್ಲ ಒಟ್ಟುಗೂಡಿಸಿಕೊಂಡು ನಾನು ಹೆಂಡತಿಯತ್ತ ತಿರುಗಿದೆ. “ಸಮಾಧಾನ ಆಯ್ತಾ? ಇನ್ನೈದು ನಿಮಿಷ ತಡೆಯೋಕಾಗಲಿಲ್ವಾ? ಅಷ್ಟು ಜನರ ಮುಂದೆ ನನ್ನ ಕೋಣೆ ಕಿತ್ಕೊಳ್ಳೋಕೆ ಬಂದ್ಯಲ್ಲ!”

ಅವಳು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಆಶ್ಚರ್ಯವಿತ್ತು. “ಏನ್ ಹೇಳಿದೆ ಅಂತ ಕೇಳಿಸ್ಕೊಂಡ್ರಾ?”

“ಕೋಣೆ ಅಂದೆ!”

ನನ್ನ ಪಕ್ಕದಲ್ಲೇ ನಿಂತು ಸಮಯ ಹಿಡಿದಿದ್ದ ಮಗಳು ನೋಟ್‌ಬುಕ್ಕನ್ನು ನನ್ನ ಮುಖಕ್ಕೆ ಹಿಡಿದಳು. ಎಲ್ಲವನ್ನೂ ಬರೆದುಕೊಳ್ಳುವ ಕೆಟ್ಟ ಅಭ್ಯಾಸ ಅವಳಿಗೆ ಯಾರಿಂದ ಬಂತೋ! ಒಂದು ಗಂಟೆ ಇಪ್ಪತ್ತೊಂದನೆಯ ನಿಮಿಷದ ಸಾಲಿನಲ್ಲಿ ಹೀಗಿತ್ತು. ‘ಅಮ್ಮ: ರೀ, ನೀವು ಇಷ್ಟು ಶ್ರದ್ಧೆಯಿಂದ ಏನಾದ್ರೂ ಮಾಡಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಪಾಪ ಅನ್ನಿಸ್ತು. ಗೆಲ್ಲಿ, ಸೋಲಿ, ಆ ಕೋಣೆ ನಿಮಗೇ ಇರಲಿ. ಆಗಬಹುದಾ? ಅಪ್ಪ: ಊಹೂಂ.’

ನಾನು ಎರಡು ಸಲ ಓದಿದೆ. ಎರಡು ಸಲವೂ ಅದೇ ಇತ್ತು.

“ಅದು... ನಾನು... ಆ ಊಹೂಂ ವಾಪಸ್ ತಗೊಳ್ತೀನಿ!”

“ಅದ್ಹೇಗೆ?” ಎಂದಳು ಹೆಂಡತಿ. “ಹೂಂ ಅಂದಿದ್ದೆಲ್ಲ ನಡೀಲಿಲ್ವಾ? ನೀವು ಕಾರ್ಯದರ್ಶಿ ಆಗಲಿಲ್ವಾ? ಊಹೂಂಗೂ ಅದೇ ಬೆಲೆ. ಹನ್ನೆರಡು ಜನ ಸಾಕ್ಷಿ ಇದಾರೆ.”

ಸಾಕ್ಷಿಗಳೆಲ್ಲ ಪೈಪು ಬಾಯಲ್ಲಿಟ್ಟುಕೊಂಡೇ “ಹೂಂ” ಎಂದರು. ಅಧ್ಯಕ್ಷರ ಹೂಂ ಎಲ್ಲರಿಗಿಂತ ಜೋರಾಗಿತ್ತು.

ಸೋಮವಾರ ಹೊಲಿಗೆ ಯಂತ್ರ ಒಳಗೆ ಹೋಯಿತು, ಹನ್ನೊಂದು ಪೈಪು ಹೊರಗೆ ಬಂದವು. ನಾನು ಅವುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಕಟ್ಟಡದ ತಾರಸಿ ಸೇರಿದೆ. ನೀರಿನ ತೊಟ್ಟಿಯ ನೆರಳಿನಲ್ಲಿ ಎರಡು ದಿನ ಸುಖವಾಗಿಯೇ ಕಳೆಯಿತು. ಮೂರನೆಯ ದಿನ ನಿವೃತ್ತ ಪೋಸ್ಟ್‌ಮಾಸ್ತರರಿಂದ ಲಿಖಿತ ದೂರು. ‘ತಾರಸಿಯಲ್ಲಿ ಯಾರೋ ಹೊಗೆ ಬಿಡುತ್ತಿದ್ದಾರೆ, ಒಣಹಾಕಿದ ಬಟ್ಟೆಗೆಲ್ಲ ವಾಸನೆ, ಕಾರ್ಯದರ್ಶಿಗಳು ಕೂಡಲೇ ಕಠಿಣ ಕ್ರಮ ಕೈಗೊಳ್ಳತಕ್ಕದ್ದು.’ ಕಾರ್ಯದರ್ಶಿಗಳು ತುಂಬ ಹೊತ್ತು ಯೋಚಿಸಿದರು. ಆಮೇಲೆ ‘ತಾರಸಿಯಲ್ಲಿ ಧೂಮಪಾನ ನಿಷೇಧಿಸಲಾಗಿದೆ’ ಎಂದು ತಮ್ಮ ಕೈಯಾರೆ ಬರೆದು, ಸಹಿ ಹಾಕಿ, ಅಂಟಿಸಿ, ಬುಟ್ಟಿ ಹಿಡಿದು ಕೆಳಗಿಳಿದರು. ನನ್ನಂಥ ನಿಷ್ಠುರ ಕಾರ್ಯದರ್ಶಿಯನ್ನು ಆ ಕಟ್ಟಡ ಕಂಡಿಲ್ಲ!

ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಹೆಂಡತಿಗೆ ಮತ್ತೆ ಪಾಪ ಅನ್ನಿಸಿರಬೇಕು. ಮುಂದಿನ ಭಾನುವಾರ ಬೆಳಿಗ್ಗೆ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದಳು. ಹೊಲಿಗೆ ಯಂತ್ರಕ್ಕೂ ಕಿಟಕಿಗೂ ನಡುವೆ ನನ್ನ ಆರಾಮ ಕುರ್ಚಿ! ಗಿರಾಕಿಗಳ ಪರದೆಗಳೆಲ್ಲ ಬೀರುವಿನೊಳಗೆ ಭದ್ರವಾಗಿದ್ದವು. ಕುರ್ಚಿಯಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದೆ. ಅದೇ ಒಣದ್ರಾಕ್ಷಿ!

“ನೋಡಿ, ಈ ಮೂಲೆ ನಿಮಗೆ” ಎಂದು ಅವಳು ಯಂತ್ರದ ಮುಂದೆ ಕೂತು ಶುರು ಮಾಡಿದಳು. ನಾನು ಮೊದಲ ಚಿಟಿಕೆ ತುಂಬಿದೆ, ಸಡಿಲವಾಗಿ.

“ಕಿಟಕಿ ತೆಗೆದೇ ಇರಬೇಕು.” ಎರಡನೆಯ ಚಿಟಿಕೆ, ಕೊಂಚ ಬಿಗಿಯಾಗಿ.

“ಒಂದೇ ಷರತ್ತು. ಹೊಲಿಯುವಾಗ ನನಗೂ ಮಾತಾಡೋಕೆ ಒಬ್ಬರು ಬೇಕು. ಇಪ್ಪತ್ತೆರಡು ವರ್ಷದಿಂದ ನೀವು ಗೋಡೆಯ ಈಚೆಗೆ, ನಾನು ಆಚೆಗೆ. ಇನ್ಮೇಲಾದ್ರೂ ನಾನು ಹೇಳಿದ್ದನ್ನ ಕೇಳಿಸ್ಕೊಳ್ಳಿ. ಹೂಂ, ಊಹೂಂ ಎರಡೂ ನಡೆಯಲ್ಲ. ಬಾಯಿ ಬಿಟ್ಟು ಉತ್ತರ ಕೊಡಬೇಕು. ತಿಳೀತಾ?”

ಕಡ್ಡಿ ಗೀರಿದೆ. ಮುತ್ತಜ್ಜ ಒಂದೇ ಕಡ್ಡಿಗೆ ಹೊತ್ತಿಕೊಂಡ, ಸುತ್ತಲೂ ಸಮನಾಗಿ. ಸ್ಪರ್ಧೆಯ ದಿನ ಹೀಗೆ ಹೊತ್ತಿದ್ದರೆ! ಆಮೇಲೆ ತಲೆಯೆತ್ತಿದಾಗ ಹೆಂಡತಿ ಹೊಲಿಗೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಏನೋ ಕೇಳಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ ಎಂಬುದು ಸ್ಪಷ್ಟವಾಗಿತ್ತು. ಆದರೆ ನಾನು ಈಗ ಪಾಠ ಕಲಿತ ಮನುಷ್ಯ. ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಲ್ಲ. ಎರಡೂ ಕೈಯಿಂದ ಪೈಪನ್ನು ಬಾಯಿಂದ ತೆಗೆದು, ಅವಳ ಕಡೆ ಪೂರ್ತಿಯಾಗಿ ತಿರುಗಿ, ತುಂಬು ವಿನಯದಿಂದ, ಸ್ಪಷ್ಟವಾಗಿ ಕೇಳಿದೆ:

“ಏನಂದೆ?”